ಆಳಗಡಲ ಜೀವಿಗಳಿಗೆ ಅವಸರ ತಿಳಿಯದು

ಸಮುದ್ರದ ಒಡಲಲ್ಲಿ ಬಡಬಾಗ್ನಿ ಉರಿಯುತ್ತಿದೆ ಎಂಬುದು ನಮ್ಮ ಪುರಾಣಗಳ ಕಲ್ಪನೆ. ಹಿಂದೂ ಮಹಾಸಾಗರದ ತಳದಲ್ಲಿ, ಸುಮಾರು ಎರಡೂವರೆ ಕಿಲೋಮೀಟರ್ ಆಳದ ಬಿಸಿನೀರಿನ ಬುಗ್ಗೆಗಳ ಬಳಿ, ವಿಜ್ಞಾನಿಗಳು 2001ರಲ್ಲಿ ಕಂಡ ಬಸವನಹುಳು ಆ ಕಲ್ಪನೆಯನ್ನೂ ಮೀರಿಸುವಂಥದು. ಅದರ ಚಿಪ್ಪಿನ ಹೊರಪದರ ಕಬ್ಬಿಣದ ಸಲ್ಫೈಡಿನದು. ಪಾದವನ್ನೂ ಅಂಥದೇ ಲೇಪವುಳ್ಳ ಹುರುಪೆಗಳು ಕವಚದಂತೆ ಮುಚ್ಚಿವೆ. ಬಿಸಿಲಿನ ಸುಳಿವಿಲ್ಲದ ಆ ತಾಣದಲ್ಲಿ ಅದಕ್ಕೆ ಆಹಾರ ಒದಗಿಸುವುದು ಅದರ ದೇಹದೊಳಗೇ ನೆಲೆಸಿ, ರಾಸಾಯನಿಕಗಳಿಂದ ಶಕ್ತಿ ಪಡೆಯುವ ಬ್ಯಾಕ್ಟೀರಿಯಾ. ಈ ಜೀವಿ 2019ರಲ್ಲಿ ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿಗೆ ಸೇರಿತು. ಕಾರಣ, ಇನ್ನೂ ಆರಂಭವಾಗದ ಆಳಗಡಲ ಗಣಿಗಾರಿಕೆ.

ಆಳದ ಬದುಕು ಮಿತವ್ಯಯದ ಬದುಕು. ಪ್ರತಿ 10 ಮೀಟರ್ ಇಳಿದಂತೆ ನೀರಿನ ಒತ್ತಡ ಒಂದು ವಾಯುಮಂಡಲದಷ್ಟು ಏರುತ್ತದೆ. ಜಪಾನಿನ ದಕ್ಷಿಣದ ಕಂದಕವೊಂದರಲ್ಲಿ 2022ರಲ್ಲಿ 8,336 ಮೀಟರ್ ಆಳದಲ್ಲಿ ಮೀನೊಂದರ ಚಿತ್ರೀಕರಣವಾಯಿತು. ಆ ಜಾತಿಯ ಮೀನಿಗೆ ಗಾಳಿಚೀಲವಿಲ್ಲ, ಮೈ ಲೋಳೆಯಂತೆ ಮೃದು. ಜೀವಕೋಶಗಳಲ್ಲಿ ತುಂಬಿರುವ ವಿಶೇಷ ರಾಸಾಯನಿಕವೊಂದು ಪ್ರೋಟೀನುಗಳು ಒತ್ತಡಕ್ಕೆ ಕೆಡದಂತೆ ಕಾಯುತ್ತದೆ. ಮೇಲಿನ ನೀರಿನಿಂದ ಉದುರುವ ಅಲ್ಪ ಆಹಾರದಲ್ಲೇ ಬಾಳಬೇಕಾದ್ದರಿಂದ ಇಲ್ಲಿ ಬಹುಪಾಲು ಜೀವಿಗಳದು ನಿಧಾನದ ನಡೆ. ಕ್ಯಾಲಿಫೋರ್ನಿಯದ ಕರಾವಳಿಯಾಚೆ 1,400 ಮೀಟರ್ ಆಳದಲ್ಲಿ ತಾಯಿ ಆಕ್ಟೋಪಸ್ ಒಂದು 2007ರಿಂದ 2011ರವರೆಗೆ, 53 ತಿಂಗಳ ಕಾಲ, ತನ್ನ ಮೊಟ್ಟೆಗಳನ್ನು ಕಾದದ್ದು ದಾಖಲಾಗಿದೆ.

ಒತ್ತಡ, ಕತ್ತಲೆ, ಹಸಿವುಗಳಿಗೆ ಒಗ್ಗಿಕೊಂಡ ಈ ಜೀವಿಗಳು ಹಠಾತ್ ಬದಲಾವಣೆಗೆ ಒಗ್ಗಿಕೊಂಡಿಲ್ಲ. ನಾವು ಬಯಸುವ ನಿಕ್ಕಲ್, ಕೋಬಾಲ್ಟ್, ಮ್ಯಾಂಗನೀಸ್ ಇರುವ ಖನಿಜದ ಗಂಟುಗಳು ದಶಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತವೆ. ಕೆಸರಿನ ಆ ಬಯಲಿನಲ್ಲಿ ಸ್ಪಂಜುಗಳಿಗೆ ಅವೇ ನೆಲೆ. ಪೆಸಿಫಿಕ್ ಸಾಗರದಲ್ಲಿ 1979ರಲ್ಲಿ ಪ್ರಯೋಗಾರ್ಥ ಗಂಟುಗಳನ್ನು ಎತ್ತಿದ ಜಾಗವನ್ನು 44 ವರ್ಷಗಳ ನಂತರ ಪರಿಶೀಲಿಸಿದಾಗ, ಕೆಲವು ಜೀವಿಗಳು ಮರಳತೊಡಗಿದ್ದರೂ ಯಂತ್ರದ ಜಾಡು ಮಾಸಿರಲಿಲ್ಲ.

ಇದು ಪರದೇಶಗಳ ಸಮಸ್ಯೆ ಎಂದು ನಾವು ಸುಮ್ಮನಿರುವಂತಿಲ್ಲ. ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೋಮೀಟರ್ ಪ್ರದೇಶದ ಗಂಟುಗಳ ಅನ್ವೇಷಣೆಗೆ ಭಾರತ 2002ರಲ್ಲೇ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದೊಡನೆ ಕರಾರು ಮಾಡಿಕೊಂಡಿತು. ಬಿಸಿನೀರಿನ ಬುಗ್ಗೆಗಳು ಕಟ್ಟುವ ಸಲ್ಫೈಡ್ ನಿಕ್ಷೇಪಗಳ ಅನ್ವೇಷಣೆಗೆ 2016ರಲ್ಲಿ ಮತ್ತೊಂದು ಕರಾರಾಯಿತು. 2021ರಲ್ಲಿ ಕೇಂದ್ರ ಸಂಪುಟ ಆಳಸಾಗರ ಯೋಜನೆಗೆ 4,077 ಕೋಟಿ ರೂಪಾಯಿಯ ಅನುಮೋದನೆ ನೀಡಿತು. ಬ್ಯಾಟರಿಗಳಿಗೆ ಬೇಕಾದ ಲೋಹಗಳಿಗಾಗಿ ಆಮದನ್ನೇ ನೆಚ್ಚಿರುವ ದೇಶಕ್ಕೆ ಈ ಆಸಕ್ತಿ ಸಹಜ. ಅದನ್ನು ದುರಾಸೆ ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಪ್ರಶ್ನೆ ಇರುವುದು ಲೆಕ್ಕ ಹಾಕುವ ಕ್ರಮದಲ್ಲಿ. ಭವಿಷ್ಯದ ನಷ್ಟವನ್ನು ಇಂದಿನ ಮೌಲ್ಯಕ್ಕೆ ಇಳಿಸುವ ಪದ್ಧತಿ ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆಲ್ಲ ಪರಿಚಿತ. ಶೇಕಡ 8ರ ದರ ಹಿಡಿದರೆ, 50 ವರ್ಷಗಳಾಚೆಯ 100 ರೂಪಾಯಿ ನಷ್ಟದ ಇಂದಿನ ಬೆಲೆ ಕೇವಲ ಎರಡು ರೂಪಾಯಿ ಚಿಲ್ಲರೆ. ಶತಮಾನಗಳ ಲೆಕ್ಕದಲ್ಲಿ ನಷ್ಟ ಸೊನ್ನೆಯೇ ಆಗಿಬಿಡುತ್ತದೆ. ನೆಲದ ಮೇಲಿನ ಗಣಿ ಕಡತಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದೂ ಇದನ್ನೇ. ಲಾಭದ ಅಂಕಣ ತುಂಬಿರುತ್ತಿತ್ತು. ನಷ್ಟದ ಅಂಕಣದಲ್ಲಿ 'ಗಣನೀಯವಲ್ಲ' ಎಂಬ ಒಂದೇ ಪದವಿರುತ್ತಿತ್ತು. ಅಲ್ಲಿ ಕನಿಷ್ಠ ಊರಿನವರು ಬಂದು ತಕರಾರು ಹೇಳುತ್ತಿದ್ದರು. ಕಡಲತಳದಿಂದ ಅರ್ಜಿ ಹಿಡಿದು ಬರುವವರು ಯಾರೂ ಇಲ್ಲ.

ವಾಣಿಜ್ಯ ಗಣಿಗಾರಿಕೆಯ ನಿಯಮಾವಳಿ 2025ರ ಜುಲೈ ಅಧಿವೇಶನದಲ್ಲೂ ಅಂತಿಮಗೊಳ್ಳಲಿಲ್ಲ. 30ಕ್ಕೂ ಹೆಚ್ಚು ದೇಶಗಳು ಸದ್ಯಕ್ಕೆ ತಡೆ ಇರಲೆಂದು ಕೋರಿವೆ. ಭಾರತವೂ ಆ ದನಿಗೆ ದನಿಗೂಡಿಸಬೇಕು. ನಮ್ಮ ಕರಾರಿನ ಪ್ರದೇಶಗಳ ಜೀವಿಗಳ ಸಮೀಕ್ಷೆ ಸಂಪೂರ್ಣವಾಗಿ ಸಾರ್ವಜನಿಕರ ಮುಂದೆ ಬರಬೇಕು. ಸಕ್ರಿಯ ಬಿಸಿನೀರಿನ ಬುಗ್ಗೆಗಳನ್ನು ಗಣಿಗಾರಿಕೆಯಿಂದ ಶಾಶ್ವತವಾಗಿ ಹೊರಗಿಡಬೇಕು. ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯಲೆಂದು ರೂಪಿಸಲಾದ ಮತ್ಸ್ಯ 6000 ನೌಕೆಯ ಮೊದಲ ಕೆಲಸ ಅಗೆತದ ಸಿದ್ಧತೆಯಲ್ಲ, ಅಲ್ಲಿರುವ ಜೀವಿಗಳನ್ನು ಅರಿಯುವುದಾಗಬೇಕು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮಲ್ಲಿದೆ. ಗಂಟುಗಳು ಲಕ್ಷಾಂತರ ವರ್ಷಗಳಿಂದ ಅಲ್ಲೇ ಬಿದ್ದಿವೆ. ಅರಿವು ಮೂಡುವವರೆಗೆ ಕೆಲವು ವರ್ಷ ಕಾದರೆ ಅವು ಎಲ್ಲಿಗೂ ಹೋಗುವುದಿಲ್ಲ.