ಪುಕ್ಕಟೆ ಕರೆಂಟು ಯಾರ ಕಾರಿಗೆ?

ಪೆಟ್ರೋಲು ಬೇಡದ ಕಾರುಗಳು ನಮ್ಮ ರಸ್ತೆಗಳಲ್ಲಿ ಈಗ ಅಪರೂಪವೇನಲ್ಲ. ಅವುಗಳ ಬೆನ್ನಿಗೇ ಒಂದು ಬೇಡಿಕೆಯೂ ಆಗಾಗ ಕೇಳಿಬರುತ್ತಿದೆ. ಸರಕಾರದ ಹಣದಿಂದ ಸ್ಥಾಪನೆಯಾಗುವ ವೇಗದ ಚಾರ್ಜಿಂಗ್ ಕೇಂದ್ರಗಳಲ್ಲಿ ಕರೆಂಟು ಪುಕ್ಕಟೆಯಾಗಿರಬೇಕೆಂಬುದೇ ಆ ಬೇಡಿಕೆ. ಹೊಗೆಯುಗುಳದ ವಾಹನ ಕೊಂಡವನು ಸಮಾಜಕ್ಕೆ ಉಪಕಾರ ಮಾಡಿದ್ದಾನೆ, ಸಮಾಜವೂ ಅವನಿಗೆ ಪ್ರತ್ಯುಪಕಾರ ಮಾಡಬೇಕು ಎಂಬುದು ವಾದದ ತಿರುಳು. ಮಾತು ಕೇಳಲು ಹಿತವಾಗಿದೆ. ಆದರೆ ಗಡಿನಾಡಿನಲ್ಲಿರುವ ನಾವು ತಲೆದೂಗುವ ಮೊದಲು ಲೆಕ್ಕ ಹಾಕಿ ನೋಡುವುದು ಲೇಸು.

ಸಣ್ಣ ಎಲೆಕ್ಟ್ರಿಕ್ ಕಾರೊಂದರ ಬ್ಯಾಟರಿ ತುಂಬಲು ಸುಮಾರು 30 ಯೂನಿಟ್ ವಿದ್ಯುತ್ ಬೇಕು. ಯೂನಿಟ್ಟಿಗೆ 10 ರೂಪಾಯಿ ಎಂದಿಟ್ಟುಕೊಂಡರೂ ಇದು 300 ರೂಪಾಯಿ. ದಿನಕ್ಕೆ 10 ಕಾರು ಬಂದರೆ 3000 ರೂಪಾಯಿ; ವರುಷಕ್ಕೆ ಸುಮಾರು 11 ಲಕ್ಷ. ಇದು ಒಂದೇ ಕೇಂದ್ರದ ಲೆಕ್ಕ. ಯಂತ್ರದ ಬೆಲೆ, ಟ್ರಾನ್ಸ್‌ಫಾರ್ಮರು, ದುರಸ್ತಿ ಇದರಲ್ಲಿ ಸೇರಿಲ್ಲ. ಈ ಹಣವನ್ನು ಕಾರಿನವನು ಕೊಡದಿದ್ದರೆ ವಿದ್ಯುಚ್ಛಕ್ತಿ ಮಂಡಳಿ ಕೊಡಬೇಕು. ಮಂಡಳಿ ಅದನ್ನು ಮನೆಮನೆಯ ಬಿಲ್ಲಿನಿಂದಲೋ ಸರಕಾರದ ಬೊಕ್ಕಸದಿಂದಲೋ ತುಂಬಿಕೊಳ್ಳಬೇಕು. ಎರಡು ಬಲ್ಬು, ಒಂದು ಫ್ಯಾನು ಇರುವ ಬೀಡಿ ಕಾರ್ಮಿಕಳ ಮನೆಯೂ ಅದರಲ್ಲಿ ಪಾಲುದಾರ. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ!

ಪುಕ್ಕಟೆಯ ಪ್ರಯೋಗ ನಡೆಯದೆ ಇಲ್ಲ. ಕೇರಳದಲ್ಲಿ 2020ರ ನವೆಂಬರಿನಲ್ಲಿ ವಿದ್ಯುಚ್ಛಕ್ತಿ ಮಂಡಳಿ ಆರು ನಗರಗಳಲ್ಲಿ ಚಾರ್ಜಿಂಗ್ ಕೇಂದ್ರ ತೆರೆದಾಗ ಆರಂಭದ ಕೆಲಕಾಲ ಹಣ ಪಡೆಯಲಿಲ್ಲ. ಆ ಆರರಲ್ಲಿ ನಮಗೆ ಹತ್ತಿರದ್ದು ಕಣ್ಣೂರಿನದು. ಇಂಗ್ಲೆಂಡಿನ ಹೆದ್ದಾರಿಗಳಲ್ಲಿ 2011ರಿಂದ ಪುಕ್ಕಟೆಯಾಗಿದ್ದ ಸೇವೆಗೆ 2016ರಲ್ಲಿ ಶುಲ್ಕ ಬಂತು. ಅಮೆರಿಕದ ಟೆಸ್ಲಾ ಕಂಪೆನಿ ತನ್ನ ಕಾರುಗಳಿಗೆ ಕೊಡುತ್ತಿದ್ದ ಮಿತಿಯಿಲ್ಲದ ಉಚಿತ ಚಾರ್ಜಿಂಗನ್ನು 2017ರಿಂದ ಹೊಸ ಗಿರಾಕಿಗಳಿಗೆ ಮಿತಿಗೊಳಿಸಿತು. ಐರ್ಲೆಂಡಿನಲ್ಲಿ ವಿದ್ಯುತ್ ಸಂಸ್ಥೆ 2019ರ ನವೆಂಬರಿನಿಂದ ವೇಗದ ಚಾರ್ಜಿಂಗಿಗೆ ದರ ವಿಧಿಸಿತು. ಕಾರುಗಳು ಬೆರಳೆಣಿಕೆಯಷ್ಟಿದ್ದಾಗ ಪುಕ್ಕಟೆ ಒಂದು ಜಾಹೀರಾತು. ಕಾರುಗಳು ಹೆಚ್ಚಿದಾಗ ಅದೇ ಒಂದು ಸರತಿಯ ಸಾಲು. ಮನೆಯಲ್ಲೇ ಚಾರ್ಜು ಮಾಡಬಲ್ಲವನೂ ಪುಕ್ಕಟೆಯ ಕಡೆಗೆ ಬರುತ್ತಾನೆ. ದೂರದ ಊರಿನಿಂದ ಬಂದ, ನಿಜವಾಗಿ ಬ್ಯಾಟರಿ ಬರಿದಾದವನು ಕಾಯುತ್ತಾನೆ. ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಇನ್ನು ನಮ್ಮ ದೇಶದ ನಿಯಮಗಳತ್ತ ನೋಡೋಣ. ವಾಹನಕ್ಕೆ ಚಾರ್ಜು ಮಾಡಿಕೊಡುವುದು ವಿದ್ಯುತ್ತಿನ ಮಾರಾಟವಲ್ಲ, ಅದೊಂದು ಸೇವೆ ಎಂದು ಕೇಂದ್ರದ ವಿದ್ಯುತ್ ಸಚಿವಾಲಯ 2018ರ ಏಪ್ರಿಲಿನಲ್ಲಿ ಸ್ಪಷ್ಟಪಡಿಸಿತು. ಇದರಿಂದ ಲೈಸೆನ್ಸಿನ ತೊಡಕಿಲ್ಲದೆ ಯಾರೂ ಕೇಂದ್ರ ತೆರೆಯುವಂತಾಯಿತು. ಆದರೆ ಸೇವೆಯೆಂದ ಮೇಲೆ ತೆರಿಗೆಯೂ ಬಂತು. ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಕೇಳಿದ ಪ್ರಶ್ನೆಗೆ ಕರ್ನಾಟಕದ ಮುಂಗಡ ತೀರ್ಪು ಪ್ರಾಧಿಕಾರ 2023ರಲ್ಲಿ ಕೊಟ್ಟ ಉತ್ತರ ಇದೇ: ಶೇಕಡಾ 18 ಜಿ.ಎಸ್.ಟಿ. ಕೊಡತಕ್ಕದ್ದು. ಎಲೆಕ್ಟ್ರಿಕ್ ಕಾರು ಕೊಳ್ಳುವಾಗ ಶೇಕಡಾ 5, ಅದಕ್ಕೆ ಊಡುವಾಗ ಶೇಕಡಾ 18! ಪ್ರೋತ್ಸಾಹ ಕೊಡಬೇಕೆಂಬ ಮನಸ್ಸು ಸರಕಾರಕ್ಕೆ ನಿಜವಾಗಿ ಇದ್ದರೆ ಕೈಹಾಕಬೇಕಾದ್ದು ಮೊದಲು ಇಲ್ಲಿಗೆ.

2024ರ ಸೆಪ್ಟೆಂಬರಿನ ಕೇಂದ್ರ ಮಾರ್ಗಸೂಚಿಯಲ್ಲಿ ಒಂದು ಒಳ್ಳೆಯ ಅಂಶವಿದೆ. ಬಿಸಿಲಿನ ವಿದ್ಯುತ್ ಹೇರಳವಾಗಿರುವ ಬೆಳಿಗ್ಗೆ 9ರಿಂದ ಸಂಜೆ 4ರ ವರೆಗೆ ಚಾರ್ಜಿಂಗ್ ಕೇಂದ್ರಗಳಿಗೆ ಸರಾಸರಿ ಪೂರೈಕೆ ವೆಚ್ಚದ ಶೇಕಡಾ 70, ಉಳಿದ ಹೊತ್ತಿನಲ್ಲಿ ಶೇಕಡಾ 130ರ ದರ. ಈ ಏರ್ಪಾಡು 2028ರ ಮಾರ್ಚ್ ಕೊನೆಯವರೆಗೆ. ಹಗಲು ಅಗ್ಗ, ರಾತ್ರಿ ತುಟ್ಟಿ ಎಂಬ ಈ ಕ್ರಮ ವಾಹನದವನಿಗೆ ಬುದ್ಧಿ ಹೇಳುತ್ತದೆ. ಪುಕ್ಕಟೆಗೆ ಆ ಶಕ್ತಿಯಿಲ್ಲ. ಅದಕ್ಕೆ ಹಗಲೂ ಒಂದೇ, ರಾತ್ರಿಯೂ ಒಂದೇ.

ಹಾಗಾದರೆ ದರ ಹಾಕಿ ಎಲ್ಲವನ್ನೂ ವ್ಯಾಪಾರಿಗಳ ಕೈಗೆ ಬಿಟ್ಟರೆ ಸಾಕೇ? ಸಾಲದು ಎಂಬುದಕ್ಕೆ ನಮ್ಮಂತೆಯೇ ರಾಜ್ಯದ ಅಂಚಿನಲ್ಲಿರುವ ಕುರುಂದವಾಡದ ಕಡೆ ನೋಡಬೇಕು. ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನ ಈ ಊರು 1948ರ ವರೆಗೆ ಪಟವರ್ಧನರ ಸಂಸ್ಥಾನ. ಪಕ್ಕದಲ್ಲೇ ಕೃಷ್ಣಾ ಪಂಚಗಂಗೆಯರ ಸಂಗಮದ ದತ್ತಕ್ಷೇತ್ರ ನರಸೋಬವಾಡಿ. ಕರ್ನಾಟಕದ ಭಕ್ತರಿಗೂ ಅದು ಯಾತ್ರಾಸ್ಥಳ. ಆದರೆ ಪುಣೆ-ಬೆಂಗಳೂರು ಹೆದ್ದಾರಿ ಕೊಲ್ಲಾಪುರ, ಕಾಗಲ, ನಿಪ್ಪಾಣಿಗಳ ಮಗ್ಗುಲಲ್ಲಿ ಸಾಗಿಬಿಡುತ್ತದೆ. ಕುರುಂದವಾಡ ಒಳಗೆ ಉಳಿಯುತ್ತದೆ. ಮಹಾರಾಷ್ಟ್ರದ 2025ರ ನೀತಿ ಹೆದ್ದಾರಿಗಳಲ್ಲಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರವನ್ನು ಬಯಸುತ್ತದೆ. ಹೆದ್ದಾರಿ ಬಿಟ್ಟು ಒಳಗಿರುವ ಊರಿಗೆ ಏನು? ಐವತ್ತು ಕಿಲೋವಾಟಿನ ಒಂದು ವೇಗದ ಯಂತ್ರವೆಂದರೆ 5 ಎಚ್.ಪಿ.ಯ ಹತ್ತಕ್ಕೂ ಹೆಚ್ಚು ಪಂಪುಗಳು ಒಟ್ಟಿಗೆ ಓಡಿದಷ್ಟು ಹೊರೆ. 2019 ಮತ್ತು 2021ರ ಮಹಾಪೂರ ಕಂಡ ಆ ತಾಲೂಕಿನಲ್ಲಿ ಯಂತ್ರವನ್ನು ನೀರು ಮುಟ್ಟದ ಎತ್ತರದಲ್ಲಿ ಕೂರಿಸುವ ಖರ್ಚು ಬೇರೆ. ದಿನಕ್ಕೆ ನಾಲ್ಕು ಕಾರು ಬರುವ ಜಾಗಕ್ಕೆ ಯಾವ ವ್ಯಾಪಾರಿ ಇಷ್ಟು ಹಣ ಸುರಿದಾನು? ನಮ್ಮ ಜಿಲ್ಲೆಯಲ್ಲೂ ಇದೇ ತರ್ಕ. ತಲಪಾಡಿಯಿಂದ ಕಾಸರಗೋಡಿನ ಹೆದ್ದಾರಿಗೆ ಬರುವ ಬಂಡವಾಳ ಪೆರ್ಲ, ಅಡೂರುಗಳ ಗುಡ್ಡ ಹತ್ತಲು ಹಿಂಜರಿಯುತ್ತದೆ.

ರೈತನ ಪಂಪಿಗೆ ಪುಕ್ಕಟೆ ಕೊಡುವಾಗ ಕಾರಿಗೆ ಏಕೆ ಬೇಡ ಎಂದು ಕೇಳುವವರಿದ್ದಾರೆ. ಮಹಾರಾಷ್ಟ್ರದಲ್ಲಿ 2024ರ ಏಪ್ರಿಲಿನಿಂದ 7.5 ಎಚ್.ಪಿ. ವರೆಗಿನ ಪಂಪುಗಳಿಗೆ ಬಿಲ್ಲಿಲ್ಲ. ರೈತ ಬೆಳೆದದ್ದು ಊರಿನ ತಟ್ಟೆಗೆ ಬರುತ್ತದೆ, ಅವನ ಬೆಲೆ ಅವನ ಕೈಯಲ್ಲಿಲ್ಲ. ಹತ್ತು ಲಕ್ಷದ ಕಾರಿನವನ ಕಷ್ಟ ಆ ಬಗೆಯದಲ್ಲ. ಮೇಲಾಗಿ ಮಿತಿಯಿಲ್ಲದ ಬಳಕೆಯ ಫಲವನ್ನು ಶಿರೋಳ ತಾಲೂಕಿನ ಮಣ್ಣೇ ತೋರಿಸಿದೆ. ಕಬ್ಬಿಗೆ ಹರಿಸಿದ ಅತಿಯಾದ ನೀರಿನಿಂದ ಅಲ್ಲಿ ಎಷ್ಟೋ ಹೊಲಗಳು ಸವುಳಾಗಿ, ನೆಲದಡಿ ಕೊಳವೆ ಹಾಕಿ ನೀರು ಬಸಿದು ಅವನ್ನು ಮರಳಿ ಪಡೆಯಬೇಕಾಯಿತು.

ಆದುದರಿಂದ ಸಾರ್ವಜನಿಕ ಹಣ ಎಲ್ಲಿಗೆ ಹೋಗಬೇಕೆಂಬುದೇ ನಿಜವಾದ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ಅದು ಕಾರಿನ ಬ್ಯಾಟರಿಯೊಳಕ್ಕೆ ಹೋಗಬಾರದು. ವ್ಯಾಪಾರಿ ಬಾರದ ಊರಿನಲ್ಲಿ ಕಂಬ, ಟ್ರಾನ್ಸ್‌ಫಾರ್ಮರು, ಯಂತ್ರಗಳಿಗೆ ಹೋಗಬೇಕು. ಇದಕ್ಕೆ ದಾರಿಯೂ ಇದೆ. 2024ರ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗಾಗಿ 2000 ಕೋಟಿ ರೂಪಾಯಿ ಮೀಸಲಿದೆ. ಸರಕಾರಿ ಕಛೇರಿ, ಆಸ್ಪತ್ರೆ, ವಿದ್ಯಾಸಂಸ್ಥೆಗಳ ಆವರಣದ ಕೇಂದ್ರ ಎಲ್ಲರಿಗೂ ತೆರೆದಿದ್ದರೆ ಪೂರ್ಣ ವೆಚ್ಚದ ನೆರವು ಎಂದು 2025ರ ಅದರ ಕಾರ್ಯಸೂಚಿ ಹೇಳುತ್ತದೆ. ತೆರೆದಿರುವುದು ಬೇರೆ, ಪುಕ್ಕಟೆ ಬೇರೆ ಎಂಬ ವಿವೇಕ ಇಲ್ಲಿದೆ. ಪಂಚಾಯತುಗಳೂ ಸೇವಾ ಸಹಕಾರಿ ಸಂಘಗಳೂ ಇದಕ್ಕಾಗಿ ಈಗಲೇ ಅರ್ಜಿ ಹಿಡಿದು ಓಡಾಡಬೇಕು. ಓಡಾಡದ ಪಂಚಾಯತಿನ ಪಾಲು ಓಡಾಡಿದ ನಗರಸಭೆಗೆ ಹೋದೀತು.

ಹಣ ಕೊಡುವ ಗಿರಾಕಿಗೆ ಕೇಳುವ ಹಕ್ಕೂ ಇದೆ. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು. ಹಣ ಕೊಟ್ಟ ಆಕಳ ಹಲ್ಲನ್ನು ಎಣಿಸಲೇಬೇಕು. ಕೆಟ್ಟ ಯಂತ್ರ ಎಷ್ಟು ದಿನದಲ್ಲಿ ಸರಿಯಾಗುತ್ತದೆ? ಯೂನಿಟ್ಟಿನ ದರ ಎಷ್ಟು, ತೆರಿಗೆ ಎಷ್ಟು? ಇದನ್ನು ಬರೆದ ಫಲಕ ಯಾವ ಭಾಷೆಯಲ್ಲಿದೆ? ಅಲ್ಪಸಂಖ್ಯಾತ ಕನ್ನಡಿಗರು ಸರಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡಬಹುದೆಂದು ಕೇರಳದ 1969ರ ಕಾನೂನೇ ಹೇಳಿದೆ. ಹಾಗಿರುವಾಗ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಚಾರ್ಜಿಂಗ್ ಯಂತ್ರದ ಮುಂದೆ ನಿಂತ ಕನ್ನಡಿಗನೂ, ಕುರುಂದವಾಡದಲ್ಲಿ ನಿಂತ ಕನ್ನಡಿಗನೂ ತಾನು ಕೊಡುವ ದುಡ್ಡಿನ ಲೆಕ್ಕವನ್ನು ತನ್ನ ಭಾಷೆಯಲ್ಲಿ ಓದುವಂತಾಗಬೇಕು. ಪುಕ್ಕಟೆ ಕರೆಂಟಿಗಾಗಿ ಕೈಯೊಡ್ಡುವ ಬದಲು ನಮ್ಮ ಊರಿಗೊಂದು ಕೇಂದ್ರ, ನ್ಯಾಯವಾದ ದರ, ಕನ್ನಡದ ಫಲಕ ಇವು ಮೂರನ್ನು ನಾವು ಒಟ್ಟಾಗಿ ಕೇಳೋಣ.