ತೋಟದ ಹಳೆಯ ಜೀಪುಗಾಡಿ: ದುರಸ್ತಿಯೂ ಮಾರ್ಪಾಟೂ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಅಡಿಕೆ ತೆಂಗುಗಳ ತೋಟಗಳಲ್ಲಿ ಸಂಚರಿಸಿದವರಿಗೆ, ಜಮೀನುದಾರರ ಕೊಟ್ಟಿಗೆಯ ಬದಿಯಲ್ಲಿ ಸೋಗೆಯ ಅಥವಾ ತಗಡಿನ ಮಾಡಿನ ಕೆಳಗೆ ನಿಂತಿರುವ ಹಳೆಯ ಜೀಪುಗಾಡಿಯು ಅಪರಿಚಿತವಾದ ವಸ್ತುವಲ್ಲ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕಾಗಿ ಕಾಲು ಟನ್ನಿನ ಗಾಡಿಯೆಂದು ನಿರ್ಮಿತವಾದ ಈ ವಾಹನವನ್ನು, ೧೯೪೫ರಲ್ಲಿ ಸ್ಥಾಪಿತವಾಗಿ ೧೯೪೮ರಲ್ಲಿ ಇಂದಿನ ಹೆಸರನ್ನು ಪಡೆದ ಮಹೀಂದ್ರಾ ಕಂಪನಿಯು ನಮ್ಮ ದೇಶದಲ್ಲಿ ಜೋಡಿಸಿ ಮಾರಲಾರಂಭಿಸಿತು. ಮೊದಲು ಪೆಟ್ರೋಲಿನವೂ ಅನಂತರ ಡೀಸೆಲ್ಲಿನವೂ ಬಂದವು. ನಾಲ್ಕು ಗಾಲಿಗಳಿಗೂ ಎಂಜಿನಿನ ಬಲವು ಸಲ್ಲುವುದರಿಂದ, ಕೆಸರಿನ ಓಣಿಯಲ್ಲಿಯೂ ಸೇತುವೆಯಿಲ್ಲದ ಹಳ್ಳದಲ್ಲಿಯೂ ಇವು ಹೋಗಬಲ್ಲವು. ಗೊಬ್ಬರದ ಚೀಲ, ಅಡಿಕೆಯ ಗೊನೆ, ತೆಂಗಿನಕಾಯಿ, ಪಂಪುಸೆಟ್ಟು ಇವೆಲ್ಲವೂ ಇದರಲ್ಲಿಯೇ ಸಾಗುತ್ತವೆ. ಮಳೆಗಾಲದ ನಡುರಾತ್ರಿಯಲ್ಲಿ ಘಟ್ಟದ ಬುಡದ ಕೇರಿಯಿಂದ ಬಸುರಿ ಹೆಂಗಸನ್ನೋ ಹಾವು ಕಚ್ಚಿದವನನ್ನೋ ಹೆದ್ದಾರಿಗೆ ಮುಟ್ಟಿಸುವುದಕ್ಕೆ ಊರಲ್ಲಿ ಇರುವ ಸಾಧನವೂ ಅನೇಕ ಕಡೆ ಇದೊಂದೇ.

ಇಂತಹ ಗಾಡಿಯ ವಿಷಯದಲ್ಲಿ ಎರಡು ಬಗೆಯ ಅಭಿಪ್ರಾಯಗಳು ಕೇಳಿಬರುತ್ತವೆ. ಹಳತಾದದ್ದನ್ನು ಗುಜರಿಗೆ ಹಾಕಿ ಹೊಸತನ್ನು ಕೊಳ್ಳತಕ್ಕದ್ದೆಂದು ಕೆಲವರು ಹೇಳುತ್ತಾರೆ. ಹಳತನ್ನು ಉಳಿಸಿಕೊಂಡು, ದಪ್ಪ ಟಾಯರು, ಎತ್ತರಿಸಿದ ಕಮಾನು ಪಟ್ಟಿ, ಬೇರೊಂದು ಗಾಡಿಯ ಎಂಜಿನು ಇವುಗಳಿಂದ ಅದನ್ನು ‘ಬಲಪಡಿಸ’ಬೇಕೆಂಬುದು ಜಮೀನುದಾರರ ಮನೆಯ ತರುಣರ ಉತ್ಸಾಹ. ಮೊದಲನೆಯವರ ಮಾತು ಟಾರುರಸ್ತೆಯ ಪಕ್ಕದ ಮನೆಗಳಿಗೆ ಒಪ್ಪಬಹುದು, ತೋಟದ ದಾರಿಗೆ ಒಪ್ಪುವುದಿಲ್ಲ. ಎರಡನೆಯವರಾದರೋ ಗಾಡಿಯ ರೋಗವನ್ನೇ ತಿಳಿಯದೆ ಔಷಧ ಕೊಡುತ್ತಿದ್ದಾರೆ. ಈ ಮೂರು ತಾಲೂಕುಗಳ ಜೀಪುಗಳು ಬಲ ಸಾಲದೆ ಕೆಟ್ಟವುಗಳಲ್ಲ. ಉಪ್ಪು, ನೀರು ಮತ್ತು ತೋಟದ ಔಷಧಗಳು ಇವುಗಳನ್ನು ತಿನ್ನುತ್ತಿವೆ. ಆದಕಾರಣ ಮನೆಯವರು ತಮ್ಮ ಕೈಯಿಂದಲೇ ಮಾಡತಕ್ಕ ದುರಸ್ತಿಗಳು ಬಹಳ, ಮಾಡತಕ್ಕ ಮಾರ್ಪಾಟುಗಳು ತೀರ ಸ್ವಲ್ಪ.

ಕೊಳೆರೋಗದ ನಿವಾರಣೆಗೆ ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದ ಪ್ರಮಾಣದಲ್ಲಿ ಬೋರ್ಡೋ ದ್ರಾವಣವನ್ನು ಸಿದ್ಧಪಡಿಸುವಾಗ, ಅನುಭವಿಗಳು ಉಜ್ಜಿದ ಕತ್ತಿಯೊಂದನ್ನು ಅದರಲ್ಲಿ ಅದ್ದಿ ನೋಡುವರಷ್ಟೆ. ಕತ್ತಿಯ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದೆಂದು ಅರ್ಥ. ಆ ಲೇಪವು ಕೂಡುವಾಗ ಕತ್ತಿಯ ಕಬ್ಬಿಣವು ಅಷ್ಟರಮಟ್ಟಿಗೆ ಕರಗಿ ನೀರಿಗೆ ಸೇರಿರುತ್ತದೆಂಬುದು ರಸಾಯನಶಾಸ್ತ್ರದಿಂದ ಸಿದ್ಧವಾದ ಸಂಗತಿ. ಇದನ್ನು ಬಲ್ಲ ತೋಟಿಗರೇ ತಾಮ್ರದ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ ಮೈಲುತುತ್ತವನ್ನು ಕರಗಿಸಿ, ಅನಂತರ ಆ ಪಾತ್ರೆಯನ್ನು ಹೊತ್ತೊಯ್ದು ಜೀಪಿನ ಕಬ್ಬಿಣದ ತಳದ ಮೇಲೆ ಇಡುತ್ತಾರೆ! ಗಾಡಿ ಹೊಂಡಕ್ಕೆ ಬಿದ್ದಾಗಲೆಲ್ಲ ಚೆಲ್ಲಿದ ನೀಲಿಯ ನೀರು ತಗಡಿನ ಸಂದುಗಳಿಗೆ ಇಳಿಯುತ್ತದೆ. ಕತ್ತಿಗೆ ಆದದ್ದೇ ಗಾಡಿಗೂ ಆಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ ಭೇದ.

ಮೈಲುತುತ್ತವೊಂದೇ ಅಲ್ಲ. ತೆಂಗಿನ ಬುಡಕ್ಕೆ ಹಾಕುವ ಉಪ್ಪು, ಮೀನಿನ ಗೊಬ್ಬರ, ಕ್ಲೋರೈಡನ್ನೊಳಗೊಂಡ ಪೊಟ್ಯಾಷು, ಇವು ಯಾವುವೂ ಕಬ್ಬಿಣದ ಮಿತ್ರರಲ್ಲ. ಅಘನಾಶಿನಿಯ ಗಜನಿ ಭೂಮಿಗಳ ಕಡೆ ಕಗ್ಗ ಭತ್ತವನ್ನು ಹೇರಲು ಹೋಗುವ ಗಾಡಿಗೆ ಹತ್ತುವ ಕೆಸರೇ ಉಪ್ಪಿನದು. ಶರಾವತಿಯ ಅಳಿವೆಯ ಸುತ್ತಣ ಊರುಗಳಲ್ಲಿಯೂ ಹಾಗೆಯೇ. ಕಡಲ ಗಾಳಿಯಂತೂ ಸದಾ ಇದ್ದದ್ದೇ. ವರ್ಷಕ್ಕೆ ೩೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಚಾಸಿಯ ಪೊಳ್ಳಿನೊಳಗೆ ಕೂತ ಕೆಮ್ಮಣ್ಣು ದೀಪಾವಳಿಯ ತನಕ ಒಣಗುವುದಿಲ್ಲ. ಹೊರಗೆ ಹೊಸ ಬಣ್ಣ ಬಳಿದು ಹೊಳೆಯುವ ಗಾಡಿಯ ಚಾಸಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ. ಗಟ್ಟಿ ಕಬ್ಬಿಣವು ಗಂಟೆಯಂತೆ ನಾದಗೊಡುವುದು. ತುಕ್ಕು ತಿಂದದ್ದು ಒಡೆದ ಮಡಕೆಯಂತೆ ಸದ್ದು ಮಾಡುವುದು.

ಇದಕ್ಕೆ ಪ್ರತೀಕಾರವು ದುಬಾರಿಯದಲ್ಲ. ಔಷಧ ಸಿಂಪಡಿಸಿದ ದಿನವೂ ಗೊಬ್ಬರ ಹೇರಿದ ದಿನವೂ ಬಾವಿಯ ಸಿಹಿನೀರಿನಿಂದ ಗಾಡಿಯ ತಳವನ್ನು, ಮೇಲುಮೈಗಿಂತ ಮೊದಲು ಅಡಿಮೈಯನ್ನು, ತೊಳೆಯತಕ್ಕದ್ದು. ಚಾಸಿಯ ನೀರಿಳಿಯುವ ರಂಧ್ರಗಳು ಮಣ್ಣಿನಿಂದ ಮುಚ್ಚಿರುವುವು. ಸರಿಗೆಯಿಂದ ಅವನ್ನು ಬಿಡಿಸತಕ್ಕದ್ದು. ಸಾಮಾನು ಇಡುವ ತಳದ ಮೇಲೆ ಹಲಗೆಗಳನ್ನು, ಕೆಳಗೆ ಗಾಳಿಯಾಡುವಂತೆ ಒಂದು ಅಂಗುಲದ ರೀಪುಗಳ ಮೇಲೆ, ಬೇಕಾದಾಗ ತೆಗೆಯಲು ಬರುವಂತೆ ಕೂಡಿಸಿದರೆ ತಗಡು ಅನೇಕ ವರ್ಷ ಹೆಚ್ಚು ಬಾಳುತ್ತದೆ. ಹಲಗೆಗೆ ಮೀನುಗಾರರು ದೋಣಿಗೆ ಬಳಿಯುವ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೇ ಬಳಿಯಬಹುದು. ಅದು ಕೈಗೆ ತಗಲಿದರೆ ಗುಳ್ಳೆ ಏಳುವುದರಿಂದ ಕೈಚೀಲ ಧರಿಸಬೇಕು. ಹಳೆಯ ಎಂಜಿನ್ ಎಣ್ಣೆಯನ್ನು ಅಡಿಮೈಗೆ ಎರಚುವ ವಾಡಿಕೆ ಹಲವೆಡೆ ಉಂಟು. ಅದು ತೊಟ್ಟಿಕ್ಕಿ ತೋಟದ ಮಣ್ಣಿಗೂ ಬಾವಿಗೂ ಸೇರುವುದಾದ್ದರಿಂದ ಬಿಟ್ಟುಬಿಡುವುದು ಮೇಲು. ತುಕ್ಕನ್ನು ತಂತಿಯ ಬ್ರಶ್ಶಿನಿಂದ ಕೆರೆದು, ಒಣಗಿಸಿ, ರೆಡ್ ಆಕ್ಸೈಡ್ ಬಳಿದು ಮೇಲೆ ಬಣ್ಣ ಕೊಡುವುದಕ್ಕೆ ಸಮನಾದ ಉಪಾಯ ಇನ್ನೊಂದಿಲ್ಲ. ತುಕ್ಕಿನ ಮೇಲೆಯೇ ಬಳಿದ ಬಣ್ಣವು ಹುಣ್ಣಿನ ಮೇಲೆ ಹಾಕಿದ ಅಂಗಿಯಂತೆ.

ಹಳ್ಳ ದಾಟುವ ಗಾಡಿಗೆ ಮತ್ತೊಂದು ಅಪಾಯವಿದೆ. ದೂರ ಓಡಿ ಬಿಸಿಯಾದ ಆಕ್ಸಲಿನ ಹೌಸಿಂಗು ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿಯು ಕುಗ್ಗಿ, ಸವೆದ ಸೀಲುಗಳ ಮತ್ತು ಉಸಿರುಗೊಳವೆಯ ಮೂಲಕ ನೀರನ್ನು ಒಳಕ್ಕೆ ಎಳೆಯುತ್ತದೆ. ಎಣ್ಣೆಯು ಹಾಲಿನ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿತೆಂದೇ ತಿಳಿಯತಕ್ಕದ್ದು. ಆ ಎಣ್ಣೆಯಲ್ಲಿ ಓಡಿದ ಬೇರಿಂಗುಗಳು ಬೇಗನೆ ಸವೆದು ಹಾಳಾಗುತ್ತವೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎಣ್ಣೆಯ ಬಣ್ಣವನ್ನು ನೋಡುವುದೂ, ಮುಂದಿನ ಗಾಲಿಗಳ ಗುಂಡುಕೀಲುಗಳ ಗ್ರೀಸನ್ನು ಪರೀಕ್ಷಿಸುವುದೂ ಯಾವ ಗೃಹಸ್ಥನಿಗಾದರೂ ಸಾಧ್ಯ. ಉಸಿರುಗೊಳವೆಗೆ ರಬ್ಬರಿನ ನಳಿಗೆಯೊಂದನ್ನು ಜೋಡಿಸಿ ಬಾನೆಟ್ಟಿನ ಎತ್ತರಕ್ಕೆ ಒಯ್ದು ಕಟ್ಟುವುದು ಅಲ್ಪವೆಚ್ಚದ, ನಿಜವಾಗಿಯೂ ಪ್ರಯೋಜನದ ಮಾರ್ಪಾಟು. ಎತ್ತರದ ಹೊಗೆಕೊಳವೆಗೂ ಬಣ್ಣದ ದೀಪಗಳಿಗೂ ಸಾವಿರಗಟ್ಟಲೆ ಸುರಿಯುವವರು ಈ ಅಗ್ಗದ ನಳಿಗೆಯನ್ನು ಮರೆಯುವುದು ವಿಚಿತ್ರವೇ ಸರಿ.

ಇನ್ನು ಬ್ರೇಕಿನ ಮಾತು. ದೇವಿಮನೆ, ಗೇರುಸೊಪ್ಪೆ, ಕೋಗಾರ ಈ ಘಾಟಿಗಳಲ್ಲಿ ಯಾವುದನ್ನಾದರೂ ಇಳಿಯತಕ್ಕ ಗಾಡಿಗೆ ಇದಕ್ಕಿಂತ ಮುಖ್ಯವಾದ ಅಂಗವಿಲ್ಲ. ಹಳೆಯ ಮಾದರಿಗಳಲ್ಲಿ ಬ್ರೇಕಿನ ಮುಖ್ಯ ಸಿಲಿಂಡರು ಚಾಲಕನ ಕಾಲ ಕೆಳಗೆ, ಚಾಸಿಗೆ ಹೊಂದಿಕೊಂಡು, ಹಳ್ಳದ ನೀರು ಮೊದಲು ತಲಪುವ ಜಾಗದಲ್ಲಿಯೇ ಇದೆ. ನಾಲ್ಕು ಗಾಲಿಗಳಿಗೂ ಒಂದೇ ಎಣ್ಣೆಯ ಮಾರ್ಗವಾದ್ದರಿಂದ ಒಂದು ನಳಿಗೆ ಹರಿದರೆ ನಾಲ್ಕು ಬ್ರೇಕುಗಳೂ ಒಮ್ಮೆಗೇ ಹೋಗುವುವು. ಬ್ರೇಕಿನ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ತೇವ ಹೀರಿದ ಎಣ್ಣೆ ಕಡಿಮೆ ಉಷ್ಣಕ್ಕೇ ಕುದಿಯುತ್ತದೆ. ಕಾಲೂರಿದ ಬ್ರೇಕಿನ ಮೇಲೆಯೇ ಘಾಟಿಯನ್ನಿಳಿದಾಗ ಅದು ಕುದಿದು ಆವಿಯಾಗಿ, ಕೊನೆಯ ತಿರುವಿನಲ್ಲಿ ಪೆಡಲು ಪೊಳ್ಳಾಗಿ ನೆಲಕ್ಕೆ ತಾಗುವುದು. ಆಗ ಹಿಂದೆ ಕುಳಿತ ಕೂಲಿಯಾಳುಗಳಿಗೆ ಹಾರಿಕೊಳ್ಳಲೂ ಸಮಯವಿರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಈ ಎಣ್ಣೆಯನ್ನು ಪೂರ್ತಿ ಬದಲಿಸುವುದು, ಬಿರುಕು ಬಿಟ್ಟ ರಬ್ಬರು ನಳಿಗೆಗಳನ್ನು ಕಂಡ ದಿನವೇ ತೆಗೆಸುವುದು, ಎತ್ತಿಗೆ ಲಾಳ ಕಟ್ಟಿಸಿದಷ್ಟು ಸಹಜವಾಗಬೇಕು. ಹಳ್ಳ ದಾಟಿದ ಮೇಲೆ ಪೆಡಲನ್ನು ಮೆಲ್ಲಗೆ ಒತ್ತಿ ಸ್ವಲ್ಪ ದೂರ ಓಡಿಸಿ ಡ್ರಮ್ಮುಗಳನ್ನು ಒಣಗಿಸಿಕೊಳ್ಳಬೇಕು. ಇಳುಕಲಿನಲ್ಲಿ ಕೆಳಗಿನ ಗೇರಿನಲ್ಲಿ ಎಂಜಿನಿನಿಂದಲೇ ವೇಗವನ್ನು ತಡೆಯಬೇಕು.

ಈ ವಿಷಯದಲ್ಲಿ ಊರುಗಳಲ್ಲಿ ನಡೆದಿರುವ ಎರಡು ಕೈಚಳಕಗಳನ್ನು ಖಂಡಿಸದೆ ಬಿಡುವಂತಿಲ್ಲ. ಸೋರುವ ಗಾಲಿಯ ಬ್ರೇಕು ಕೊಳವೆಯನ್ನು ಚಪ್ಪಟೆಯಾಗಿ ಬಡಿದು ಮುಚ್ಚಿ, ಮಿಕ್ಕ ಮೂರು ಗಾಲಿಗಳಿಂದ ಗಾಡಿಯನ್ನು ನಡೆಸುವುದು ಒಂದು. ಒತ್ತಿದಾಗ ಅಂಥ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಘಾಟಿಯಲ್ಲಿ ಆ ಪಕ್ಕವು ಕಣಿವೆಯದೇ ಆಗಿರಬಹುದು. ಬ್ರೇಕು ಎಣ್ಣೆ ಸಿಕ್ಕದಾಗ ಎಂಜಿನ್ ಎಣ್ಣೆ ಸುರಿಯುವುದು ಎರಡನೆಯದು. ಅದರಿಂದ ಒಳಗಿನ ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ. ಬ್ರೇಕನ್ನು ಪರೀಕ್ಷಿಸುವುದು ಮನೆಯವರ ಕೆಲಸ, ಬಿಚ್ಚಿ ಕೂಡಿಸುವುದು ಕೆಲಸ ಬಲ್ಲ ಮೇಸ್ತ್ರಿಯ ಕೆಲಸ. ಸ್ಟಿಯರಿಂಗಿನ ವಿಷಯವೂ ಇದೇ.

ಗಾಡಿಯ ಕೆಳಗೆ ನುಗ್ಗಿ ಕೆಲಸ ಮಾಡುವವರು ತಿಳಿದಿರಬೇಕಾದದ್ದು ಇನ್ನೊಂದು. ಅನೇಕ ಹಳೆಯ ಜೀಪುಗಳ ಕೈಬ್ರೇಕು ಗಾಲಿಗಳನ್ನು ಹಿಡಿಯದೆ, ಗೇರು ಪೆಟ್ಟಿಗೆಯ ಹಿಂದಿನ ಶಾಫ್ಟನ್ನು ಹಿಡಿಯುತ್ತದೆ. ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ಎತ್ತಿದೊಡನೆ, ಡಿಫರೆನ್ಶಿಯಲಿನ ಗುಣದಿಂದ ನೆಲದ ಮೇಲಿರುವ ಗಾಲಿಯು ಉರುಳಲು ಸ್ವತಂತ್ರವಾಗುವುದು. ಕೈಬ್ರೇಕು ಎಳೆದಿದ್ದರೂ ಗಾಡಿ ಜರುಗುವುದು. ಆದುದರಿಂದ ನೆಲದ ಮೇಲಿನ ಗಾಲಿಗಳಿಗೆ ಎರಡೂ ಕಡೆ ಮರದ ಅಡ್ಡೆ ಕೊಟ್ಟೇ ಎತ್ತತಕ್ಕದ್ದು. ಆಧಾರಕ್ಕೆ ಚಿರೇಕಲ್ಲನ್ನು ಇಡುವ ಪದ್ಧತಿ ಇಲ್ಲಿ ಸಾರ್ವತ್ರಿಕವಾಗಿದೆ. ಗೋಡೆಯಲ್ಲಿ ಸಮನಾಗಿ ಭಾರ ಹೊರುವ ಈ ಕಲ್ಲು, ಆಕ್ಸಲಿನ ಭಾರ ಒಂದೇ ಬಿಂದುವಿನಲ್ಲಿ ಬಿದ್ದಾಗ ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತದೆ. ದಪ್ಪ ಮರದ ತುಂಡುಗಳನ್ನು ಅಡ್ಡಡ್ಡ ಪೇರಿಸುವುದಾಗಲಿ, ಕಬ್ಬಿಣದ ಸ್ಟ್ಯಾಂಡುಗಳನ್ನು ಇಡುವುದಾಗಲಿ ಕ್ಷೇಮ.

ಮಾರ್ಪಾಟುಗಳೆಂದು ಮೆರೆಯುವ ದೊಡ್ಡ ಕೆಲಸಗಳ ಲೆಕ್ಕವನ್ನು ಈಗ ನೋಡಬಹುದು. ಹಳೆಯ ಜೀಪಿನ ೬.೦೦-೧೬ ಅಳತೆಯ ಟಾಯರು ಸುಮಾರು ೨೮ ಅಂಗುಲ ವ್ಯಾಸದ್ದು. ಅದಕ್ಕೆ ೩೧ ಅಂಗುಲದ್ದನ್ನು ಹಾಕಿದರೆ ಗಾಲಿಯ ಸುತ್ತಳತೆ ಶೇಕಡಾ ೧೦ಕ್ಕಿಂತ ಹೆಚ್ಚುತ್ತದೆ. ಮುಳ್ಳು ೪೫ನ್ನು ತೋರಿಸುವಾಗ ಗಾಡಿ ನಿಜವಾಗಿ ೫೦ರಲ್ಲಿ ಓಡುತ್ತಿರುತ್ತದೆ. ಎಂಜಿನಿನ ಎಳೆತ ಕಡಿಮೆಯಾಗುವುದು, ಬ್ರೇಕಿಗೆ ಕೆಲಸ ಹೆಚ್ಚುವುದು, ಆಕ್ಸಲಿನ ಮೇಲೆ ಒತ್ತಡ ಬೀಳುವುದು. ಕಮಾನು ಪಟ್ಟಿಗಳನ್ನು ಎತ್ತರಿಸಿದರೆ, ಮೊದಲೇ ೮೦ ಅಂಗುಲದ ಗಿಡ್ಡ ಗಾಲಿಯಂತರವುಳ್ಳ ಗಾಡಿಯು ತೋಟದ ಅಗಳಿನ ದಂಡೆಯಲ್ಲಿ ಮಗುಚಲು ಇನ್ನಷ್ಟು ಸಿದ್ಧವಾಗುತ್ತದೆ. ಪೆಟ್ರೋಲು ಜೀಪಿಗೆ ಭಾರವಾದ ಡೀಸೆಲ್ ಎಂಜಿನನ್ನು ಕೂಡಿಸುವವರ ಉದ್ದೇಶ ಇಂಧನದ ಉಳಿತಾಯವೆಂಬುದು ನಿಜ, ಆ ಆಸೆಯನ್ನು ತಪ್ಪೆನ್ನಲಾಗದು. ಆದರೆ ತುಕ್ಕು ತಿಂದ ಚಾಸಿಯು ಆ ಭಾರವನ್ನೂ ಕಂಪನವನ್ನೂ ತಾಳದೆ ಬಿರಿಯುತ್ತದೆ. ಉಳಿಸಿದ ಹಣವು ಬೆಸುಗೆಯವನ ಕೈ ಸೇರುತ್ತದೆ.

ಕಾನೂನೂ ಇದನ್ನು ಮೆಚ್ಚುವುದಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಮೇರೆಗೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಗೊತ್ತುಪಡಿಸಿದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸಕೂಡದು. ೨೦೧೯ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ, ಅಪ್ಪಣೆಯಿಲ್ಲದ ಒಂದೊಂದು ಮಾರ್ಪಾಟಿಗೂ ಮಾಲಿಕನಿಗೆ ೫೦೦೦ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆ, ಇಲ್ಲವೆ ಎರಡೂ ಒದಗಬಹುದು. ಎಂಜಿನನ್ನು ಬದಲಿಸಲೇಬೇಕಾದಾಗ ಮುಂಚಿತವಾಗಿ ಹೊನ್ನಾವರದ ಸಾರಿಗೆ ಕಚೇರಿಯ ಅಪ್ಪಣೆ ಪಡೆಯುವುದು ಬುದ್ಧಿವಂತಿಕೆ. ೧೫ ವರ್ಷ ದಾಟಿದ ಖಾಸಗಿ ಗಾಡಿಯ ನೋಂದಣಿಯನ್ನು ಐದೈದು ವರ್ಷಗಳಿಗೆ ನವೀಕರಿಸಲು ಅವಕಾಶವಿದೆ. ಅಲ್ಲಿ ತಪಾಸಣೆಗೆ ನಿಂತಾಗ ಮೂಲಸ್ವರೂಪದ ಗಾಡಿಗೆ ಅನುಕೂಲ, ವಿಕಾರಗೊಂಡದ್ದಕ್ಕೆ ತೊಡಕು. ಅಪಘಾತವಾದರೆ ವಿಮೆಯವರೂ ಇದನ್ನೇ ಕೆದಕುವರು.

ಪೆಟ್ರೋಲು ಜೀಪುಗಳನ್ನಿಟ್ಟವರಿಗೆ ಒಂದು ಹೊಸ ಚಿಂತೆಯೂ ಸೇರಿದೆ. ೨೦೨೫ರಿಂದ ಶೇಕಡಾ ೨೦ ಎಥನಾಲು ಬೆರೆತ ಪೆಟ್ರೋಲು ದೇಶದಲ್ಲಿ ಸಾಮಾನ್ಯವಾಗಿದೆ. ಎಥನಾಲು ಹಳೆಯ ರಬ್ಬರನ್ನು ಕೆಡಿಸುವುದಲ್ಲದೆ ನೀರನ್ನೂ ಹೀರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿನ ತಳದಲ್ಲಿ ಅದು ನೀರಿನೊಡನೆ ಬೇರ್ಪಟ್ಟು ಕೂರಬಹುದು. ಇಂಧನದ ನಳಿಗೆಗಳನ್ನೂ ಕಾರ್ಬುರೇಟರಿನ ರಬ್ಬರುಗಳನ್ನೂ ಎಥನಾಲಿಗೆ ತಡೆಯುವಂಥವುಗಳಿಂದ ಬದಲಿಸಿಕೊಳ್ಳುವುದು ಸೂಕ್ತ.

ಕೊನೆಯದಾಗಿ ಊರ ಮುಖಂಡರು ಮಾಡಬಹುದಾದ ಕೆಲಸವೊಂದಿದೆ. ಗಾಲಿಯ ಹಬ್ಬನ್ನು ಎಳೆಯುವ ಪುಲ್ಲರು, ಒಳ್ಳೆಯ ಜಾಕು, ನಾಲ್ಕು ಸ್ಟ್ಯಾಂಡು, ದೊಡ್ಡ ಅಳತೆಯ ಪಾನಾಗಳು, ಗ್ರೀಸ್ ಗನ್ನು ಇವುಗಳನ್ನು ಪ್ರತಿಯೊಂದು ಮನೆಯೂ ಕೊಳ್ಳುವುದು ವ್ಯರ್ಥ. ಇಲ್ಲದಿದ್ದಾಗ ಉಳಿ ಸುತ್ತಿಗೆಗಳಿಂದ ಬಡಿದು ಭಾಗಗಳನ್ನು ಹಾಳುಮಾಡುವುದು ಅದಕ್ಕಿಂತ ನಷ್ಟ. ರಾಜ್ಯದ ಕೃಷಿ ಯಂತ್ರಧಾರೆ ಕೇಂದ್ರಗಳು ಟ್ರಾಕ್ಟರು ಟಿಲ್ಲರುಗಳನ್ನು ಬಾಡಿಗೆಗೆ ಕೊಡುವ ರೀತಿಯಲ್ಲಿ, ಗ್ರಾಮದ ಸೇವಾ ಸಹಕಾರಿ ಸಂಘವು ಈ ಉಪಕರಣಗಳ ಒಂದು ಪೆಟ್ಟಿಗೆಯನ್ನಿಟ್ಟು ದಿನಬಾಡಿಗೆಗೆ ಕೊಡಬಹುದು. ಸಂಘದ ಮುಂದಿನ ಸಭೆಯಲ್ಲಿ ಈ ವಿಷಯವನ್ನು ತರುವುದಾದರೆ, ರೋಹಿಣಿ ಮಳೆ ಹಿಡಿಯುವುದರೊಳಗಾಗಿ ಪೆಟ್ಟಿಗೆಯು ಸಿದ್ಧವಾಗುವಂತೆ ಗೊತ್ತುಮಾಡುವುದು ಒಳಿತು. ಹಬ್ಬು ಬಿಚ್ಚುವ ಕೆಲಸವನ್ನು ಜಡಿಮಳೆಯಲ್ಲಿ ಸೋಗೆಯ ಮಾಡಿನ ಕೆಳಗೆ ಮಾಡಲಾಗುವುದಿಲ್ಲ.