ಅಗಸ್ತ್ಯನ ನೆರೆಯ ವಿಚಿತ್ರ ತಾರೆ

1871ನೆಯ ಡಿಸೆಂಬರ್ 12ರ ಬೆಳಗ್ಗೆ ಪೂರ್ಣ ಸೂರ್ಯಗ್ರಹಣದ ನೆರಳು ಕಾಸರಗೋಡಿನ ಬೇಕಲದಿಂದ ನೀಲಗಿರಿಯನ್ನು ಹಾಯ್ದು, ನಮ್ಮ ಅವಿನಾಶಿಯನ್ನು ದಾಟಿ, ಪುದುಕ್ಕೋಟ್ಟೆಯತ್ತ ಸಾಗಿತು. ಬೇಕಲದಲ್ಲಿ ಇಂಗ್ಲೆಂಡಿನ ಲಾಕಿಯರ್, ನೀಲಗಿರಿಯ ಶೋಲೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಅವಿನಾಶಿಯಲ್ಲಿ ಮದರಾಸು ವೀಕ್ಷಣಾಲಯದ ಪಾಗ್ಸನ್, ಪುದುಕ್ಕೋಟ್ಟೆಯಲ್ಲಿ ರೋಮಿನ ರೆಸ್ಪೀಗಿ ಯಂತ್ರಗಳನ್ನು ಹೂಡಿ ಕಾದಿದ್ದರು. ಸೂರ್ಯನಿಗಾಗಿ ಬಂದ ರೆಸ್ಪೀಗಿಯವರು ಅದೇ ಪ್ರವಾಸದಲ್ಲಿ ತೆಂಕಣ ಬಾನಿನ ಒಂದು ತಾರೆಯ ಬೆಳಕನ್ನೂ ಬಿಡಿಸಿ ನೋಡಿದರು. ರೋಮಿನಲ್ಲಿ ಅದು ದಿಗಂತಕ್ಕೆ ಅಂಟಿಕೊಂಡೇ ಇರುವುದರಿಂದ ಅಲ್ಲಿ ನೋಡಲು ಸಿಕ್ಕುವಂತಿರಲಿಲ್ಲ. ನಮಗಾದರೋ ಅದು ಆಕಾಶದ ಮೂರರಲ್ಲೊಂದು ಭಾಗದಷ್ಟು ಎತ್ತರಕ್ಕೆ ಏರುತ್ತದೆ.

ಆ ತಾರೆಯ ಹೆಸರು ಗಾಮಾ ವೆಲೋರಮ್. ಸಾಮಾನ್ಯ ನಕ್ಷತ್ರದ ಬೆಳಕನ್ನು ಹರಡಿದರೆ ಬಣ್ಣದ ಪಟ್ಟಿಯ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಮಗ್ಗದ ಮನೆಗಳ ನಮ್ಮ ಓದುಗರು ಬಣ್ಣದ ಹಾಸಿನಲ್ಲಿ ಸೇರಿಕೊಂಡ ಕಪ್ಪು ಎಳೆಗಳನ್ನು ನೆನೆದರೆ ಸಾಕು. ಈ ತಾರೆಯಲ್ಲಿ ಮಾತ್ರ ಕಪ್ಪಿನ ಬದಲು ಅಗಲವಾದ ಹೊಳಪಿನ ಪಟ್ಟೆಗಳಿವೆ. 1867ರಲ್ಲಿ ಪ್ಯಾರಿಸಿನ ವುಲ್ಫ್ ಮತ್ತು ರಾಯೆ ಎಂಬಿಬ್ಬರು ರಾಜಹಂಸ ಪುಂಜದಲ್ಲಿ ಇಂಥ ಮೂರು ತಾರೆಗಳನ್ನು ಕಂಡಿದ್ದರು; ಈ ಜಾತಿಗೆ ಅವರ ಹೆಸರೇ ನಿಂತಿದೆ. ಕಾವಲೂರು ವೀಕ್ಷಣಾಲಯವನ್ನು ಕಟ್ಟಿದ ವೈನು ಬಾಪು ಅವರೂ ಇವುಗಳನ್ನು ಅಭ್ಯಸಿಸಿದವರೇ.

ಇವು ಸೂರ್ಯನಿಗಿಂತ ಎಷ್ಟೋ ಪಾಲು ಬಿಸಿಯಾದ, ತಮ್ಮ ಹೊರಮೈಯ ಜಲಜನಕವನ್ನು ಕಳಚಿಕೊಂಡ ತಾರೆಗಳು. ಸೆಕೆಂಡಿಗೆ ಸಾವಿರ ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಇವುಗಳಿಂದ ಅನಿಲವು ಗಾಳಿಯಂತೆ ಹೊರಹೊಮ್ಮುತ್ತದೆ. ಆ ಗಾಳಿಯಲ್ಲಿ ಬೆಳಗುವ ಹೀಲಿಯಂ ಮತ್ತು ಇಂಗಾಲಗಳೇ ಆ ಪಟ್ಟೆಗಳು. ಅವುಗಳ ಅಗಲಕ್ಕೆ ಗಾಳಿಯ ವೇಗವೇ ಕಾರಣ. ಗಾಮಾ ವೆಲೋರಮಿಗೆ ಒಂದು ಬಿಸಿ ಜೊತೆಗಾರನೂ ಉಂಟು. ಇಬ್ಬರೂ ಸುಮಾರು 78 ದಿನಗಳಿಗೊಮ್ಮೆ ಒಂದು ಸುತ್ತು ಮುಗಿಸುತ್ತಾರೆ.

ಇದೆಲ್ಲ ದೊಡ್ಡ ವೀಕ್ಷಣಾಲಯಗಳ ಸ್ವತ್ತೆಂದು ಕೈಚೆಲ್ಲಬೇಕಾಗಿಲ್ಲ. ಮಿಲಿಮೀಟರಿಗೆ 100 ಗೆರೆ ಕೊರೆದ ಗ್ರೇಟಿಂಗ್ ಗಾಜೊಂದನ್ನು ಸಣ್ಣ ದೂರದರ್ಶಕಕ್ಕೆ ತೊಡಿಸಿದರೆ ಈ ಪಟ್ಟೆಗಳ ಚಿತ್ರ ಸಿಕ್ಕುತ್ತದೆ. ತಾರೆಯು ಚುಕ್ಕೆಯಷ್ಟೇ ಆದ್ದರಿಂದ ಪ್ರಯೋಗಶಾಲೆಯಲ್ಲಿರುವಂಥ ಸೀಳುಕಿಂಡಿಯೂ ಬೇಡ. 2009ರಲ್ಲಿ ರಾಜಹಂಸದ ಇಂಥದೇ ಒಂದು ಜೋಡಿ ಪರಸ್ಪರ ಸಮೀಪಕ್ಕೆ ಬಂದಾಗ ಹವ್ಯಾಸಿಗಳು ತೆನೆರೀಫೆ ದ್ವೀಪದಲ್ಲಿ ಸರದಿಯಂತೆ ದಾಖಲಿಸಿದ ವರ್ಣಪಟಲಗಳನ್ನು ವಿಜ್ಞಾನಿಗಳು ತಮ್ಮ ಲೆಕ್ಕಕ್ಕೆ ಬಳಸಿಕೊಂಡರು.

ನಮಗಿರುವ ಅಡ್ಡಿ ಬೇರೆ. ಅವಿನಾಶಿಯಲ್ಲಿ ನಿಂತು ತೆಂಕಣಕ್ಕೆ ನೋಡುವವರಿಗೆ ತಿರುಪ್ಪೂರಿನ ದೀಪಗಳ ಮಬ್ಬು ಎದುರಾಗುತ್ತದೆ. ಆ ದೀಪಗಳಡಿ ದುಡಿದೇ ನಮ್ಮ ಎಷ್ಟೋ ಮನೆಗಳ ಒಲೆ ಹೊತ್ತುವುದರಿಂದ ಆರಿಸಿರೆಂದು ಹೇಳಲು ನಮಗೆ ಬಾಯಿಲ್ಲ. ತಾರೆ ಕಂಡರೂ ಹರಡಿದ ಪಟ್ಟಿ ಅದರಲ್ಲಿ ಮಂಕಾಗುತ್ತದೆ. ಆದುದರಿಂದ ಉಡುಮಲೈ, ಪೊಳ್ಳಾಚಿಗಳ ತೆಂಕಣ ಹಳ್ಳಿಗಳಲ್ಲಿ ನೆಂಟರಿದ್ದವರು ಮಾರ್ಚ್ ಮೊದಲ ಪಕ್ಷದಲ್ಲಿ ಒಂದು ರಾತ್ರಿ ಅಲ್ಲಿ ತಂಗಬೇಕು. ಊರ ಬೆಳಕು ಬೆನ್ನಿಗೆ ಬೀಳುತ್ತದೆ. ಒಂಬತ್ತು ಗಂಟೆಗೆ ತೆಂಕಣದಲ್ಲಿ ಬಲು ಪ್ರಕಾಶಮಾನವಾಗಿರುವುದು ಅಗಸ್ತ್ಯ. ಅವನ ಎಡಕ್ಕೆ, ತುಸು ಮೇಲೆ ಇರುವ ಹೊಳಪಿನ ತಾರೆಯೇ ಇದು. ಮಕ್ಕಳನ್ನೂ ಎಬ್ಬಿಸಿ ಕರೆದೊಯ್ಯಿರಿ. ಚಿತ್ರ ತೆಗೆದವರು ನಮಗೊಂದು ಪ್ರತಿ ಕಳುಹಿಸಿರಿ.